ಗೆಲುವಿಲ್ಲದ ಆಟದ ನ್ಯಾಯ ಪಂಚಾಯಿತಿ

ಚದುರಂಗದಲ್ಲಿ ಆನೆ ನೆಟ್ಟಗೆ ನಡೆಯುತ್ತದೆ, ಒಂಟೆ ಓರೆಯಾಗಿ ನಡೆಯುತ್ತದೆ. ಇದು ಒಂಟೆಗೆ ಮಾಡಿದ ಮೋಸ ಎಂದು ಯಾರಾದರೂ ಅರ್ಜಿ ಕೊಟ್ಟಿದ್ದನ್ನು ನಾನು ಕೇಳಿಲ್ಲ. ಎರಡೂ ಪಾಳಯದಲ್ಲಿ ಆನೆ ಒಂಟೆಗಳು ಸಮಸಮ ಇದ್ದರೆ ಮುಗಿಯಿತು. ಸೋಲು ಗೆಲುವು ಇರುವ ಆಟಗಳಲ್ಲಿ ನ್ಯಾಯ ಹೇಳುವುದು ಅಷ್ಟು ಸಲೀಸು. ಗೆಲ್ಲಲು ಏನೂ ಇಲ್ಲದ, ಎದುರಿಗೆ ಯಾರೂ ಕೂರದ ಆಟದಲ್ಲಿ ‘ಬ್ಯಾಲೆನ್ಸ್ ಹಾಳಾಯ್ತು’ ಎಂದು ಬಡಿದಾಡುವವರನ್ನು ಕಾಣಬೇಕಾದರೆ ಮೈನ್‌ಕ್ರಾಫ್ಟ್ ಆಡುವವರ ಪಕ್ಕ ಸ್ವಲ್ಪ ಹೊತ್ತು ಕೂರಬೇಕು.

ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಆ ಲೋಕದಲ್ಲಿ ಎಲ್ಲವೂ ಚೌಕ. ಮಣ್ಣು ಚೌಕ, ಹಸು ಚೌಕ, ಸೂರ್ಯನೂ ಚೌಕ. ಬರಿಗೈಯಲ್ಲಿ ಮರಕ್ಕೆ ಗುದ್ದಿ ದಿಮ್ಮಿ ಕೆಡವಬೇಕು, ದಿಮ್ಮಿಯಿಂದ ಹಲಗೆ, ಹಲಗೆಯಿಂದ ಪಿಕಾಸಿ, ಪಿಕಾಸಿಯಿಂದ ಕಲ್ಲು, ಕಬ್ಬಿಣ, ವಜ್ರ. ಹಗಲು ಹತ್ತೇ ನಿಮಿಷ. ಕತ್ತಲಾದರೆ ಜೊಂಬಿಗಳು ಬರುತ್ತವೆ. ಕ್ರೀಪರ್ ಎಂಬ ಹಸಿರು ಪ್ರಾಣಿ ಸದ್ದಿಲ್ಲದೆ ಬೆನ್ನ ಹಿಂದೆ ಬಂದು ನಿಂತು, ಬುಸ್ಸೆಂದು ಸಿಡಿದು, ನೀವು ಕಟ್ಟಿದ ಗೋಡೆಯನ್ನೂ ನಿಮ್ಮನ್ನೂ ಒಟ್ಟಿಗೇ ಮುಗಿಸುತ್ತದೆ. ಹಂದಿಯ ಆಕಾರ ಬರೆಯುವಾಗ ಉದ್ದ ಎತ್ತರದ ಅಳತೆ ಅದಲುಬದಲಾಗಿ ಹುಟ್ಟಿದ ಪ್ರಾಣಿ ಅದು. ಕೊನೆಗೊಂದು ಡ್ರ್ಯಾಗನ್ ಇದೆ, ನಿಜ. ಅದನ್ನು ಕೊಂದರೂ ತೆರೆಯ ಮೇಲೆ ಹೆಸರುಗಳು ಹರಿದುಹೋಗಿ, ಆಟ ನಿಮ್ಮನ್ನು ಮತ್ತೆ ನಿಮ್ಮ ಮನೆಯ ಹಾಸಿಗೆಯ ಬಳಿಗೇ ತಂದು ಬಿಡುತ್ತದೆ. ನಾಳೆ ಏನು ಮಾಡಬೇಕು ಎಂದು ಹೇಳುವವರಿಲ್ಲ.

ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರ ಮೇ ತಿಂಗಳಲ್ಲಿ ಇದನ್ನು ಜನರ ಮುಂದಿಟ್ಟಾಗ ಇದ್ದದ್ದು ನಾಲ್ಕಾರು ಬಗೆಯ ಕಲ್ಲು ಮಣ್ಣು ಮಾತ್ರ. 2011ರ ನವೆಂಬರಿನಲ್ಲಿ ಪೂರ್ಣ ಆವೃತ್ತಿ ಬಂತು, 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಆಟದ ಕಂಪನಿಯನ್ನೇ ಕೊಂಡಿತು, 2023ರ ಹೊತ್ತಿಗೆ ಮೂವತ್ತು ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಭಾಷೆಗಳ ಪಟ್ಟಿಯಲ್ಲಿ ಸ್ವಯಂಸೇವಕರು ಮಾಡಿಕೊಟ್ಟ ಕನ್ನಡವೂ ಇದೆ. ಆದರೆ ದೂರು ಮಾತ್ರ ಸ್ಟಾಕ್‌ಹೋಮಿನಿಂದ ಶಿವಮೊಗ್ಗದವರೆಗೆ ಒಂದೇ: “ಹೊಸ ಅಪ್‌ಡೇಟ್ ಬಂದು ಎಲ್ಲಾ ಕೆಡಿಸಿಬಿಟ್ರು.”

ನಾನು ಈ ಆಟಕ್ಕೆ ಬಂದದ್ದು ಅಕ್ಕನ ಮಕ್ಕಳ ದೆಸೆಯಿಂದ. ಮಗ ಇಂಜಿನಿಯರಿಂಗ್ ಓದುತ್ತಾನೆ, ಅವನ ತಂಗಿ ಆರನೇ ಕ್ಲಾಸು. ಮೂವರೂ ಒಂದೇ ಲೋಕದಲ್ಲಿ ಜಾಗ ಹಿಡಿದಿದ್ದೇವೆ. ಅವನದು ಕಾರ್ಖಾನೆ, ಅವಳದು ಗುಲಾಬಿ ಬಣ್ಣದ ಅರಮನೆ, ನನ್ನದು ಹೊಳೆಯ ಪಕ್ಕ ಒಂದು ಗೋಧಿ ಹೊಲ. ಹೊಲದವನಿಗೆ ಅಪ್‌ಡೇಟ್‌ಗಳ ಬಿಸಿ ಅಷ್ಟಾಗಿ ತಟ್ಟುವುದಿಲ್ಲ. ಮೂರು ಗೋಧಿಗೆ ಒಂದು ಬ್ರೆಡ್ಡು ಎಂಬ ಲೆಕ್ಕವನ್ನು ಇಷ್ಟು ವರ್ಷದಲ್ಲಿ ಯಾರೂ ಮುಟ್ಟಿಲ್ಲ. ಹಾಗಾಗಿ ಉಳಿದವರ ದೂರು ಕೇಳುವಷ್ಟು ಬಿಡುವು ನನಗಿದೆ.

ಕೇಳುತ್ತಾ ಕೇಳುತ್ತಾ ಒಂದು ವಿಷಯ ಗೊತ್ತಾಯಿತು. ಆಟ ಕೆಟ್ಟುಹೋದ ವರ್ಷ ಯಾವುದೆಂದು ಕೇಳಿದರೆ ಆ ಮನುಷ್ಯ ಆಟಕ್ಕೆ ಬಂದ ವರ್ಷವನ್ನು ಪತ್ತೆ ಮಾಡಬಹುದು. ಮೊದಲ ತಲೆಮಾರಿನವರಿಗೆ ಕಲಿಯುಗ ಶುರುವಾದದ್ದು 2011ರ ಸೆಪ್ಟೆಂಬರಿನಲ್ಲಿ. ಅಲ್ಲಿಯತನಕ ಆಟದಲ್ಲಿ ಹಸಿವೇ ಇರಲಿಲ್ಲ. ಗಾಯವಾದರೆ ಒಂದು ತುಂಡು ಮಾಂಸ ತಿಂದರೆ ಆಯಿತು, ಜೀವ ಅಲ್ಲೇ ತುಂಬುತ್ತಿತ್ತು. ಬೀಟಾ 1.8 ಆವೃತ್ತಿ ಬಂದದ್ದೇ ತೆರೆಯ ಅಡಿಯಲ್ಲಿ ಹತ್ತು ಕೋಳಿಕಾಲುಗಳ ಸಾಲು ಮೂಡಿತು. ಓಡಿದರೆ ಹಸಿವು, ನೆಗೆದರೆ ಹಸಿವು, ಹೊಟ್ಟೆ ತುಂಬಿದ್ದರೆ ಮಾತ್ರ ಗಾಯ ಮಾಯುವುದು. ‘ಆಟ ಆಡೋಕೆ ಬಂದ್ವೋ ಅಡುಗೆ ಮಾಡೋಕೆ ಬಂದ್ವೋ’ ಎಂದು ಆಗ ಮುನಿಸಿಕೊಂಡವರಲ್ಲಿ ಕೆಲವರು ಇವತ್ತಿಗೂ ಅದರ ಹಿಂದಿನ ಬೀಟಾ 1.7.3ರಲ್ಲೇ ಬೀಡುಬಿಟ್ಟಿದ್ದಾರೆ. ಅವರ ನಂತರ ಬಂದವರಿಗೆ ಹಸಿವು ಸೃಷ್ಟಿನಿಯಮ. ಅವರ ಸಿಟ್ಟೆಲ್ಲ 2016ರ ಕಾಳಗದ ಬದಲಾವಣೆಯ ಮೇಲೆ. ಅವರಿಗಿಂತ ಕಿರಿಯರಿಗೆ ಅದೂ ಸಹಜ. ಅವರ ದುಃಖ ಇನ್ನೆಲ್ಲೋ ಇದೆ. ಕಾಲಿಟ್ಟ ವರ್ಷದ ಆಟವೇ ಆಟ. ಅದಕ್ಕೆ ಮುಂಚಿನದು ಹಸಿ, ಆಮೇಲಿನದು ಹಳಸಿದ್ದು.

ವಜ್ರದ ವಿಷಯ ನೋಡಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಟಗಾರರ ಬಾಯಲ್ಲಿದ್ದ ಮಂತ್ರ ‘ಹನ್ನೊಂದು’. ನೆಲದಾಳದಲ್ಲಿ ಹನ್ನೊಂದನೆಯ ಮಟ್ಟಕ್ಕಿಳಿದು ಅಡ್ಡ ಸುರಂಗ ಕೊರೆದರೆ ವಜ್ರ ಸಿಗುತ್ತಿತ್ತು. 2021ರ ನವೆಂಬರಿನಲ್ಲಿ ಬಂದ 1.18 ಆವೃತ್ತಿ ಲೋಕದ ತಳವನ್ನೇ ಸೊನ್ನೆಯಿಂದ ಅರವತ್ನಾಲ್ಕು ಮೆಟ್ಟಿಲು ಕೆಳಗಿಳಿಸಿತು, ವಜ್ರವೂ ಜೊತೆಗೇ ಇಳಿಯಿತು. ಗುಹೆಗಳು ದೇವಸ್ಥಾನದ ಪ್ರಾಂಗಣಗಳಷ್ಟು ವಿಶಾಲವಾದವು, ಬೆಟ್ಟಗಳು ಮೋಡ ಮುಟ್ಟಿದವು. ಆದರೂ ಹಳಬರ ಮುಖ ಗಂಟಿಕ್ಕಿತ್ತು. ಸಾಸಿವೆ ಡಬ್ಬಿ ಇದ್ದ ಕಡೆ ಮೆಂತ್ಯದ ಡಬ್ಬಿ ಇಟ್ಟರೆ ಅಡುಗೆ ಕೆಡುವುದಿಲ್ಲ, ಅಡುಗೆ ಮಾಡುವವರ ತಲೆ ಕೆಡುತ್ತದೆ.

ನಮ್ಮ ಮನೆಯಲ್ಲಿ ಅತಿ ದೊಡ್ಡ ರಾದ್ಧಾಂತ ನಡೆದದ್ದು ಲೈಬ್ರೇರಿಯನ್ ದೆಸೆಯಿಂದ. ಈ ಪ್ರಕರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆಟದ ಹಳ್ಳಿಗಳಲ್ಲಿ ದೊಡ್ಡ ಮೂಗಿನ ಹಳ್ಳಿಗರಿರುತ್ತಾರೆ. ಕೆಲಸವಿಲ್ಲದ ಹಳ್ಳಿಗನ ಮುಂದೆ ಪುಸ್ತಕ ಇಡುವ ಪೀಠವೊಂದನ್ನು ಇಟ್ಟರೆ ಆತ ಕ್ಷಣಾರ್ಧದಲ್ಲಿ ಕನ್ನಡಕ ಏರಿಸಿ, ತಲೆಯ ಮೇಲೊಂದು ಪುಸ್ತಕ ಕವುಚಿಕೊಂಡು ಲೈಬ್ರೇರಿಯನ್ ಆಗಿಬಿಡುತ್ತಾನೆ. ಮಂತ್ರಿಸಿದ ಪುಸ್ತಕ ಮಾರುತ್ತಾನೆ. ಎಲ್ಲರಿಗೂ ಬೇಕಾದದ್ದು ‘ಮೆಂಡಿಂಗ್’ ಎಂಬ ಪುಸ್ತಕ. ಅದಿದ್ದರೆ ನೀವು ಗಳಿಸಿದ ಅನುಭವದ ಅಂಕಗಳಿಂದ ಪಿಕಾಸಿ ತಾನಾಗಿ ರಿಪೇರಿಯಾಗುತ್ತಾ ಹೋಗುತ್ತದೆ. ಆತನ ಬಳಿ ಮೆಂಡಿಂಗ್ ಇಲ್ಲವೇ? ಪೀಠ ಒಡೆಯಿರಿ. ಕೆಲಸ ಹೋಯಿತು, ಕನ್ನಡಕ ಇಳಿಯಿತು. ಮತ್ತೆ ಪೀಠ ಇಡಿ. ಮತ್ತೆ ನೇಮಕಾತಿ, ಈ ಸಲ ಬೇರೆ ಪುಸ್ತಕ. ಇದೂ ಬೇಡವೇ? ಒಡೆಯಿರಿ. ಒಮ್ಮೆ ಆತನೊಂದಿಗೆ ವ್ಯಾಪಾರ ಮಾಡಿದರೆ ಮಾತ್ರ ಕೆಲಸ ಕಾಯಂ.

ಅಕ್ಕನ ಮಗ ಹಳ್ಳಿಗನೊಬ್ಬನನ್ನು ಕೈಕಾಲು ಆಡಿಸಲೂ ಜಾಗವಿಲ್ಲದ ಕಲ್ಲಿನ ಗೂಡಿನಲ್ಲಿ ನಿಲ್ಲಿಸಿಕೊಂಡು ಈ ನೇಮಕಾತಿ ಮತ್ತು ವಜಾ ನಡೆಸುವುದನ್ನು ಕಣ್ಣಾರೆ ಕಂಡಿದ್ದೇನೆ. ಇಡು, ನೋಡು, ಒಡೆ. ಇಡು, ನೋಡು, ಒಡೆ. ಹಳ್ಳಿಗನ ಮುಖದಲ್ಲಿ ಒಂದಿಷ್ಟೂ ಬೇಸರವಿಲ್ಲ. ಪ್ರತಿ ಸಲವೂ ಹೊಸದಾಗಿ ಆರ್ಡರ್ ಕೈಗೆ ಬಂದವನ ಲವಲವಿಕೆ. ಪುಸ್ತಕ ಸಿಕ್ಕ ಮೇಲೆ ಬೆಲೆಯ ಚೌಕಾಸಿ ಬೇರೆ ಇದೆ. ಜೊಂಬಿಯೊಂದನ್ನು ತಂದು ಆತನಿಗೆ ಸೋಂಕು ತಗುಲಿಸಿ, ಆಮೇಲೆ ಔಷಧಿ ಎರಚಿ ಚಿನ್ನದ ಸೇಬು ತಿನ್ನಿಸಿ ತಾನೇ ವಾಸಿ ಮಾಡಿದರೆ, ಪಾಪ, ಜೀವ ಉಳಿಸಿದ ಪುಣ್ಯಾತ್ಮನೆಂದು ಆತ ರಿಯಾಯಿತಿ ಕೊಡುತ್ತಾನೆ. ಆಗೆಲ್ಲ ಮತ್ತೆ ಮತ್ತೆ ಸೋಂಕು ತಗುಲಿಸಿದರೆ ಮತ್ತಷ್ಟು ರಿಯಾಯಿತಿ ಸಿಗುತ್ತಿತ್ತು.

2023ರಲ್ಲಿ ಕಂಪನಿ ಇದಕ್ಕೆ ಕೈಹಾಕಿತು. ವಾಸಿ ಮಾಡಿದ ಉಪಕಾರಕ್ಕೆ ದೊಡ್ಡ ರಿಯಾಯಿತಿ ಮೊದಲ ಸಲ ಮಾತ್ರ ಎಂದಿತು. ಅದರ ಜೊತೆಗೆ ಪ್ರಯೋಗವೆಂದು ಇನ್ನೊಂದು ನಿಯಮವನ್ನೂ ಮುಂದಿಟ್ಟಿತು: ಯಾವ ಪುಸ್ತಕ ಎಲ್ಲಿಯ ಲೈಬ್ರೇರಿಯನ್ ಬಳಿ ಸಿಗುತ್ತದೆ ಎನ್ನುವುದು ಆತ ಹುಟ್ಟಿದ ಸೀಮೆಯನ್ನು ಅವಲಂಬಿಸಿರುತ್ತದೆ. ಮೆಂಡಿಂಗ್ ಬೇಕಾದರೆ ಜೌಗು ನೆಲದಲ್ಲಿ ಹುಟ್ಟಿದ, ವೃತ್ತಿಯ ತುತ್ತತುದಿಗೇರಿದ ಲೈಬ್ರೇರಿಯನ್ನೇ ಆಗಬೇಕು. ಜೌಗು ನೆಲದಲ್ಲಿ ಹಳ್ಳಿಗಳೇ ಇರುವುದಿಲ್ಲ. ಬೇರೆ ಕಡೆಯ ಇಬ್ಬರು ಹಳ್ಳಿಗರನ್ನು ದೋಣಿಯಲ್ಲಿ ಕೂರಿಸಿ ಸಾಗಿಸಿ, ಅಲ್ಲಿ ಸಂಸಾರ ಹೂಡಿಸಿ, ಮಗು ಹುಟ್ಟಿ, ಅದು ದೊಡ್ಡದಾಗಿ, ನೌಕರಿ ಹಿಡಿದು ಬಡ್ತಿ ಪಡೆಯುವತನಕ ಕಾಯಬೇಕು.

“ಮಾವ, ಲೈಬ್ರೇರಿಯನ್‌ನ ನರ್ಫ್ ಮಾಡ್ತಾರಂತೆ. ಇಷ್ಟು ದಿನ ಕಷ್ಟಪಟ್ಟಿದ್ದೆಲ್ಲಾ ದಂಡ!”

“ಏನಪ್ಪಾ ಅಂಥಾ ಕಷ್ಟ?”

“ಪೀಠ ಒಡೆದು ಒಡೆದು ಬೆರಳು ನೋವು ಬಂದಿದ್ದು ಕಷ್ಟ ಅಲ್ವಾ?”

ನರ್ಫ್ ಎಂದರೆ ಇದ್ದ ಬಲಕ್ಕೆ ಕತ್ತರಿ ಹಾಕುವುದು. ಬಲ ಅತಿಯಾದದ್ದು ‘ಓಪಿ’. ಅವನ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಮೆಂಡಿಂಗ್ ಮೇಲೆ ಎಲ್ಲರೂ ಮುಗಿಬೀಳುವುದಕ್ಕೆ ಕಾರಣ ಲೈಬ್ರೇರಿಯನ್ ಅಲ್ಲ, ಅಡಿಗಲ್ಲು. ಆಟದಲ್ಲಿ ಕಮ್ಮಾರನ ಅಡಿಗಲ್ಲಿನ ಮೇಲೆ ಪಿಕಾಸಿ ರಿಪೇರಿ ಮಾಡಬಹುದು, ಆದರೆ ಪ್ರತಿ ರಿಪೇರಿಗೂ ಮುಂದಿನ ಸಲದ ದಂಡ ಇಮ್ಮಡಿಗಿಂತಲೂ ಹೆಚ್ಚುತ್ತದೆ: 1, 3, 7, 15, 31. ಒಟ್ಟು ಖರ್ಚು ಅನುಭವದ 40 ಹಂತ ಮುಟ್ಟಿದರೆ ‘ವಿಪರೀತ ದುಬಾರಿ’ ಎಂದು ಕೆಂಪಕ್ಷರ ತೋರಿಸಿ ಕೈಯೆತ್ತಿಬಿಡುತ್ತದೆ. ಅಷ್ಟು ಅನುಭವ ಕೈಲಿದ್ದರೂ ರಿಪೇರಿ ಇಲ್ಲ. ಅಂದ ಮೇಲೆ ಮೆಂಡಿಂಗ್ ಬಿಟ್ಟರೆ ಗತಿಯಿಲ್ಲ. ಲೈಬ್ರೇರಿಯನ್‌ನ ಬಿಗಿ ಮಾಡುವ ಮೊದಲು ಅಡಿಗಲ್ಲನ್ನು ಸಡಿಲ ಮಾಡಿ ಎಂದು ಎಷ್ಟೋ ಜನ ಹೇಳಿದರು. ಇದು ಸಿಟ್ಟಿನ ಮಾತಲ್ಲ, ಆಟದ ನರನಾಡಿ ಬಲ್ಲವರ ಮಾತು. ಸೀಮೆವಾರು ಪುಸ್ತಕದ ನಿಯಮವೂ ಎಲ್ಲರ ಮೇಲೆ ಬೀಳದೆ, ಬೇಕಾದವರು ಹಾಕಿಕೊಳ್ಳಬಹುದಾದ ಪ್ರಯೋಗವಾಗಿಯೇ ಬಹುಕಾಲ ಉಳಿಯಿತು.

ಆದರೂ ನನಗೊಂದು ಸಂಶಯ. ಒಂದು ಗುಂಡಿ ಒತ್ತಿದರೆ ಕ್ರಿಯೇಟಿವ್ ಮೋಡ್ ಇದೆ. ಅಲ್ಲಿ ವಜ್ರ, ಮೆಂಡಿಂಗ್, ಪಿಕಾಸಿ ಎಲ್ಲವೂ ಬಿಟ್ಟಿ, ಸಾವೂ ಇಲ್ಲ. ಅದನ್ನು ತೋರಿಸಿದರೆ ಅಕ್ಕನ ಮಗ ಅವಮಾನವಾದವನಂತೆ ನೋಡುತ್ತಾನೆ. ಬಿಟ್ಟಿ ಬೇಡ, ಅಗ್ಗವಾಗಿ ಬೇಕು, ಆ ಅಗ್ಗದ ಉಪಾಯ ತನ್ನದಾಗಿರಬೇಕು. ಹಿಂದೆ ಮೀನು ಹಿಡಿಯುವ ಯಂತ್ರಗಳಿದ್ದ ಕಾಲದಲ್ಲೂ ಇದೇ ಕಥೆ. ಗಾಳ ಹಾಕಿದ ಕಡೆ ಒಂದು ಜಾಣ ಕಟ್ಟಡ ಕಟ್ಟಿ, ಮೌಸಿನ ಬಲಗುಂಡಿಯ ಮೇಲೆ ಏನಾದರೂ ಭಾರ ಹೇರಿ ಮಲಗಿದರೆ, ಬೆಳಗಾಗುವಷ್ಟರಲ್ಲಿ ಪೆಟ್ಟಿಗೆ ತುಂಬ ಮೀನು, ನಡುವೆ ಮಂತ್ರಿಸಿದ ಪುಸ್ತಕ, ಜೀನು, ಬಿಲ್ಲು. 2020ರ ಜೂನ್‌ನಲ್ಲಿ ಬಂದ 1.16ರಲ್ಲಿ ಬೆಂಡಿನ ಸುತ್ತ ತೆರೆದ ನೀರಿದ್ದರೆ ಮಾತ್ರ ನಿಧಿ ಸಿಗುವುದು ಎಂದಾಯಿತು. ಇಕ್ಕಟ್ಟಿನ ಯಂತ್ರದಲ್ಲಿ ಇನ್ನು ಬರೀ ಮೀನು, ಕಸಕಡ್ಡಿ. ಆಗ ಎದ್ದ ಕೂಗೇನು ಗೊತ್ತೇ? ಶ್ರಮಕ್ಕೆ ಬೆಲೆಯಿಲ್ಲ ಎಂದು! ರಾತ್ರಿಯೆಲ್ಲ ಗೊರಕೆ ಹೊಡೆದವರ ಕೂಗು ಅದು. ಆದರೆ ಅವರ ಕಣ್ಣಲ್ಲಿ ಶ್ರಮವೆಂದರೆ ಮೀನು ಹಿಡಿದದ್ದಲ್ಲ, ಹಿಡಿಯದೆ ಇರುವ ದಾರಿ ಹುಡುಕಿದ್ದು. ಆ ಲೆಕ್ಕದಲ್ಲಿ ಅವರು ಹೇಳಿದ್ದು ಸುಳ್ಳಲ್ಲ.

ತಾನು ತೊಟ್ಟ ಬಲ ಮಾತ್ರ ಯಾರಿಗೂ ಅತಿ ಅನ್ನಿಸುವುದಿಲ್ಲ. ಬೆನ್ನಿಗೆ ಕಟ್ಟಿ ಹಾರುವ ‘ಎಲಿಟ್ರಾ’ ರೆಕ್ಕೆ ಇದೆಯಲ್ಲ, ಅದು ಬಂದ ಮೇಲೆ ಕುದುರೆ ಲಾಯದಲ್ಲಿ ನಿಂತು ಬೆವರು ಮರೆಯಿತು, ಹಳಿಯ ಗಾಡಿ ಆಟಿಕೆಯಾಯಿತು. ಇದು ಓಪಿ, ಇದರಿಂದ ದಾರಿ ನಡೆಯುವ ಸುಖವೇ ಹೋಯಿತು ಎಂದು ಎಲ್ಲರೂ ಒಪ್ಪುತ್ತಾರೆ. ಒಪ್ಪುವವರೆಲ್ಲ ಮಾತು ಮುಗಿಸಿ ಹಾರಿಹೋಗುತ್ತಾರೆ.

ಹಾಗೆಂದು ಜನರ ಮಾತಿಗೆ ಬೆಲೆಯೇ ಇಲ್ಲವೆನ್ನುವಂತಿಲ್ಲ. 2017ರಲ್ಲಿ ಗಿಳಿಗಳು ಬಂದಾಗ ಅವುಗಳಿಗೆ ಕುಕ್ಕಿ ತಿನ್ನಿಸಿ ಪಳಗಿಸಬೇಕೆಂದಿತ್ತು. ಕುಕ್ಕಿಯಲ್ಲಿರುವ ಚಾಕೊಲೇಟು ನಿಜವಾದ ಗಿಳಿಗೆ ವಿಷ, ಆಟ ನೋಡಿ ಮಕ್ಕಳು ಮನೆಯ ಗಿಳಿಗೂ ತಿನ್ನಿಸಿಯಾರು ಎಂದು ಹಕ್ಕಿ ಸಾಕಿದವರು ಎಚ್ಚರಿಸಿದರು. ಕಂಪನಿ ಕೇಳಿಸಿಕೊಂಡಿತು: ಈಗ ಗಿಳಿ ಪಳಗುವುದು ಬೀಜಕ್ಕೆ, ಕುಕ್ಕಿ ಕೊಟ್ಟರೆ ಅಲ್ಲೇ ಸಾಯುತ್ತದೆ. 2022ರಲ್ಲಿ ಕಪ್ಪೆಗಳು ಮಿಂಚುಹುಳ ತಿನ್ನುವಂತೆ ಮಾಡಲು ಹೊರಟಾಗಲೂ ಹಾಗೇ. ಕೆಲವು ಮಿಂಚುಹುಳ ಕಪ್ಪೆಗೆ ವಿಷವೆಂದು ಗೊತ್ತಾಗಿ ಹುಳಗಳನ್ನೇ ಕೈಬಿಟ್ಟರು. ಆಗ ಬೇರೆ ಗುಂಪಿಗೆ ದುಃಖ: ಕಪ್ಪೆ ತಿನ್ನದಿದ್ದರೆ ಬೇಡ, ಹುಳ ಸುಮ್ಮನೆ ಮಿನುಗಿದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಅವರನ್ನು ಸಮಾಧಾನ ಮಾಡಲು 2025ರ ಮಾರ್ಚ್ ಬರಬೇಕಾಯಿತು. ಸಂಜೆ ಮಿಂಚುಹುಳಗಳು ಸುಳಿದಾಡುವ ಪೊದೆಯೊಂದನ್ನು ಕೊಟ್ಟರು.

ಇಷ್ಟೆಲ್ಲ ತಲೆನೋವಿಗಿಂತ ಜನರೇ ಆರಿಸಲಿ ಎಂದು ಮತದಾನವನ್ನೂ ನಡೆಸಿದ್ದುಂಟು. 2017ರಲ್ಲಿ ನಾಲ್ಕು ಪ್ರಾಣಿಗಳ ಬಣ್ಣನೆ ಮುಂದಿಟ್ಟು ಯಾವುದು ಬೇಕು ಎಂದರು. ಜನ ಬಹುಮತದಿಂದ ಆರಿಸಿದ್ದು ‘ರಾತ್ರಿಯಾಕಾಶದ ದೈತ್ಯ’. ಅದೇ ಫ್ಯಾಂಟಮ್. ಆಟದ ಲೆಕ್ಕದಲ್ಲಿ ಮೂರು ದಿನ ನಿದ್ದೆಗೆಟ್ಟು ಕೆಲಸ ಮಾಡಿದವನ ತಲೆಯ ಮೇಲೆ ಕಿರುಚುತ್ತಾ ಎರಗುತ್ತದೆ. ಬೆಟ್ಟದ ತುದಿಯಲ್ಲಿ ತಪಸ್ಸಿನಂತೆ ಗೋಪುರ ಕಟ್ಟುತ್ತಿದ್ದವರನ್ನು ಒಬ್ಬೊಬ್ಬರಾಗಿ ಕೆಳಗೆ ಕೆಡವಿತು. ಇಡೀ ಆಟದಲ್ಲಿ ಅದರಷ್ಟು ಶಾಪ ತಿಂದ ಪ್ರಾಣಿ ಇನ್ನೊಂದಿಲ್ಲ. ಯಾರಿಗೂ ಬೇಡವಾದದ್ದನ್ನು ಗೆಲ್ಲಿಸಿ ಕಳಿಸಿದವರು ಯಾರು ಎಂದು ಕೇಳಿದರೆ ಎಲ್ಲರೂ ತಾವು ಬೇರೆಯದಕ್ಕೆ ಮತ ಹಾಕಿದ್ದಾಗಿ ಹೇಳುತ್ತಾರೆ. ಇದು ನಮಗೆ ಹೊಸದಲ್ಲ. 2023ರಲ್ಲಿ ಏಡಿ, ಪೆಂಗ್ವಿನ್, ಆರ್ಮಡಿಲೊ ಮೂರರಲ್ಲಿ ಒಂದನ್ನು ಆರಿಸಿ ಎಂದಾಗ ಮತದಾನವೇ ಬೇಡ, ಮೂರೂ ಬೇಕು ಎಂದು ಲಕ್ಷಾಂತರ ಜನ ಮನವಿಗೆ ಸಹಿ ಹಾಕಿದರು. ಸಹಿ ಹಾಕಿದವರೂ ಮತ ಹಾಕಿರಬೇಕು; ಆರ್ಮಡಿಲೊ ಗೆದ್ದಿತು. ಮರುವರ್ಷದಿಂದ ಮತದಾನ ನಿಂತಿತು. 2021ರಲ್ಲಿ ಸೋತಿದ್ದ ತಾಮ್ರದ ಗೊಂಬೆ 2025ರಲ್ಲಿ ಯಾವ ಚುನಾವಣೆಯೂ ಇಲ್ಲದೆ ಒಳಗೆ ಬಂತು.

ಇದಕ್ಕಿಂತ ಸೋಜಿಗವೆಂದರೆ ದೋಷದ ಮೇಲಿನ ಮಮತೆ. ಪಿಸ್ಟನ್ ಎಂಬ ಯಂತ್ರದ ಮೇಲ್ಗಡೆಯ ಖಾಲಿ ಜಾಗಕ್ಕೆ ವಿದ್ಯುತ್ತು ಬಂದರೆ ಕೆಳಗಿನ ಪಿಸ್ಟನ್ ಅಲುಗುತ್ತದೆ. ಅದಕ್ಕೂ ಇದಕ್ಕೂ ತಂತಿಯಿಲ್ಲ, ನಂಟಿಲ್ಲ. ಎರಡು ಚೌಕದೆತ್ತರದ ಬಾಗಿಲಿಗೆ ಬರೆದ ನಿಯಮ ಇದಕ್ಕೂ ಅಂಟಿಕೊಂಡಿತು ಎನ್ನುತ್ತಾರೆ. ಸ್ಪಷ್ಟವಾಗಿ ತಪ್ಪು. ಆದರೆ ಅಷ್ಟರಲ್ಲಿ ಆ ತಪ್ಪಿನ ಮೇಲೆ ಜನ ಬಾಗಿಲು, ಲಿಫ್ಟು, ಲೆಕ್ಕದ ಯಂತ್ರಗಳನ್ನೇ ಕಟ್ಟಿಬಿಟ್ಟಿದ್ದರು. ದೋಷದ ದೂರಿಗೆ ಕಂಪನಿ ‘ಇರಬೇಕಾದದ್ದೇ ಹೀಗೆ’ ಎಂದು ಷರಾ ಬರೆದು ಕಡತ ಮುಚ್ಚಿತು. ಅಕ್ಕನ ಮಗನ ಕಾರ್ಖಾನೆಯ ಅರ್ಧ ಭಾಗ ನಿಂತಿರುವುದು ಈ ಷರಾದ ಮೇಲೆ.

ಇನ್ನು 2016ರ ಕಾಳಗದ ಕಥೆ. ಅಲ್ಲಿಯವರೆಗೆ ಕತ್ತಿಯುದ್ಧವೆಂದರೆ ಮೌಸನ್ನು ಎಷ್ಟು ಬೇಗ ಕುಟ್ಟುತ್ತೀರಿ ಎಂಬುದು. ಆ ಫೆಬ್ರವರಿ 29ರಂದು ಬಂದ 1.9ರಲ್ಲಿ ಪ್ರತಿ ಏಟಿನ ನಂತರ ಕತ್ತಿ ಸುಧಾರಿಸಿಕೊಳ್ಳಬೇಕು, ಅವಸರಪಟ್ಟರೆ ಏಟಿಗೆ ಬಲವಿಲ್ಲ ಎಂದಾಯಿತು, ಗುರಾಣಿಯೂ ಬಂತು. ಇದು ವಿವೇಕದ ಯುದ್ಧ ಎಂದರು ಕೆಲವರು. ಎದುರುಬದುರು ನಿಂತು ಕಾದಾಡುವುದನ್ನೇ ಕಸುಬು ಮಾಡಿಕೊಂಡಿದ್ದವರು ಅದನ್ನು ಒಪ್ಪದೆ, ಇಡಿಯಾಗಿ ಅದರ ಹಿಂದಿನ ಪೂರ್ಣ ಆವೃತ್ತಿ 1.8ರಲ್ಲೇ ಉಳಿದುಬಿಟ್ಟರು. ಇಂದಿಗೂ ಅವರ ಸರ್ವರ್‌ಗಳು ಅಲ್ಲೇ ಇವೆ, ಕುಟ್ಟುವ ಸದ್ದು ನಿಂತಿಲ್ಲ.

ಹೀಗೆ ಉಳಿಯಲು ಯಾರಿಗೂ ಅಡ್ಡಿಯಿಲ್ಲ ಎನ್ನುವುದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಕಂಪ್ಯೂಟರಿನಲ್ಲಿ ಆಡುವ ಜಾವಾ ಆಟದ ಲಾಂಚರ್‌ನಲ್ಲಿ ಹಳೆಯ ಆವೃತ್ತಿಗಳ ಪಟ್ಟಿಯೇ ಇದೆ. ಹಸಿವಿಲ್ಲದ ಲೋಕ ಬೇಕೇ, ಹನ್ನೊಂದರ ವಜ್ರ ಬೇಕೇ, ಗೊರಕೆ ಹೊಡೆದು ನಿಧಿ ಬಾಚುವ ಗಾಳ ಬೇಕೇ? ಹೆಸರಿನ ಮೇಲೆ ಒತ್ತಿದರೆ ಅಂದಿನ ಆಟ ಅಂದಿನಂತೆಯೇ ತೆರೆಯುತ್ತದೆ. ಕಾಸು ಕೇಳುವುದಿಲ್ಲ.

“ಹಾಗಾದ್ರೆ ಹಳೇದನ್ನೇ ಆಡೋದಲ್ವೇನೋ?” ಎಂದೆ.

“ಅಲ್ಲಿ ಯಾರಿರ್ತಾರೆ ಮಾವ?”

ಅದು ನೋಡಿ ವಿಷಯ. ಕಾದಾಡುವವರು ಊರಿಗೆ ಊರೇ ಹಿಂದೆ ಉಳಿದರು, ಅವರಿಗೆ ಕೊರಗಿಲ್ಲ. ಉಳಿದವರಿಗೆ ಹಳೆಯ ನಿಯಮ ಬೇಕು, ಜೊತೆಗೆ ಹೊಸ ಲೋಕದ ಜನರೆಲ್ಲ ಆ ನಿಯಮಕ್ಕೆ ಬಂದು ಆಡಬೇಕು. ಒಬ್ಬನೇ ಆಡುವಾಗ ಮೆಂಡಿಂಗ್ ಸುಲಭಕ್ಕೆ ಸಿಕ್ಕರೆಷ್ಟು, ಕಷ್ಟಕ್ಕೆ ಸಿಕ್ಕರೆಷ್ಟು? ತಾನು ಪಟ್ಟ ಪಾಡು ಇನ್ನೊಬ್ಬನಿಗೆ ಗೊತ್ತಿರಬೇಕು, ಅವನೂ ಅಷ್ಟೇ ಪಾಡು ಪಟ್ಟಿರಬೇಕು. ಎದುರಾಳಿಯಿಲ್ಲದ ಆಟದಲ್ಲೂ ಸರೀಕರು ಇದ್ದೇ ಇರುತ್ತಾರೆ. ಬ್ಯಾಲೆನ್ಸ್ ಎಂದು ಇವರು ಕಾದಾಡುವುದು ಸರೀಕರ ನಡುವಿನ ಲೆಕ್ಕಕ್ಕೆ. ಆಟ ಬಿಟ್ಟುಹೋದವರು ಇದರ ಬಗ್ಗೆ ತುಟಿ ಬಿಚ್ಚುವುದಿಲ್ಲ. ಬೈಯುವವರೇ ಇನ್ನೂ ಮನೆ ಖಾಲಿ ಮಾಡದವರು.

ನಮ್ಮ ಮೂವರ ಲೋಕದಲ್ಲೂ ಇದೇ ವ್ಯಾಜ್ಯ. ಸತ್ತರೆ ಕೈಲಿದ್ದದ್ದೆಲ್ಲ ಅಲ್ಲೇ ಚೆಲ್ಲಿಹೋಗುತ್ತದೆ; ಐದು ನಿಮಿಷದೊಳಗೆ ಹೋಗಿ ಹೆಕ್ಕಿಕೊಳ್ಳದಿದ್ದರೆ ಮಾಯ. ಸಾಮಾನು ಕೈಯಲ್ಲೇ ಉಳಿಯುವಂತೆ ಮಾಡುವ ನಿಯಮವೊಂದಿದೆ, ಅದನ್ನು ಹಾಕಬೇಕೆಂದು ಹುಡುಗಿಯ ಹಟ. ಹಾಕಿದರೆ ಸಾವಿಗೆ ಮರ್ಯಾದೆಯೇ ಇರುವುದಿಲ್ಲ ಎಂದು ಅಣ್ಣನ ಹಟ. ಅವಳು ಅರಮನೆಗೆಂದು ಕೂಡಿಸಿದ್ದ ವಜ್ರದ ಸಮೇತ ಲಾವಾದೊಳಗೆ ಬಿದ್ದ ದಿನ ವ್ಯಾಜ್ಯ ನನ್ನ ಹೊಲದ ಬದುವಿಗೆ ಬಂತು. ಎರಡೂ ಕಡೆಯವರನ್ನು ವಿಚಾರಿಸಿ ತೀರ್ಪು ಕೊಟ್ಟೆ: ಸತ್ತರೆ ಸಾಮಾನು ಹೋಗುತ್ತದೆ. ಆದರೆ ತಂಗಿ ಸತ್ತಾಗ ಅಣ್ಣ ಎಲ್ಲಿದ್ದರೂ ಐದು ನಿಮಿಷದೊಳಗೆ ಹಾರಿಬಂದು ಹೆಕ್ಕಿಕೊಡಬೇಕು. ಲಾವಾದಲ್ಲಿ ಸುಟ್ಟುಹೋದರೆ ಅರ್ಧ ನಷ್ಟ ಅವನ ಪೆಟ್ಟಿಗೆಯಿಂದ. ಮಾರನೆಯ ದಿನವೇ ಅವನು ಬಂದು, “ಮಾವ, ಇದು ಅವಳಿಗೆ ಓಪಿ ಆಯ್ತು” ಎಂದ. ಅವಳು ಬಂದು, “ಅರ್ಧ ಯಾಕೆ, ಪೂರ್ತಿ ಕೊಡ್ಬೇಕು” ಎಂದಳು. ಇಬ್ಬರೂ ಒಪ್ಪಲಿಲ್ಲವಾದ್ದರಿಂದ ತೀರ್ಪು ಸರಿಯಾಗಿಯೇ ಇದೆಯೆಂದು ಖಾತ್ರಿಯಾಗಿ, ನಾನು ಗೋಧಿ ಕೊಯ್ಯಲು ಹೋದೆ.